ಕಂಡಕ್ಟರ್ ಅಜ್ಜಯ್ಯನ ಎಲೆಬಳ್ಳಿಗೆ ಬಿದ್ದ ನುಸಿ

ಕೊಟ್ಟೂರಿನ ಆ ಹೊಸ ಬಡಾವಣೆಗೆ ಹಾಲು ತರುವ ಮಾರಣ್ಣ ಉಳಿದ ಮನೆಗಳ ಮುಂದೆ ಹೇಗೆ ಬೇಕಾದರೂ ನಿಲ್ಲುತ್ತಾನೆ, ಅಜ್ಜಯ್ಯನ ಗೇಟಿನ ಮುಂದೆ ಮಾತ್ರ ನೆಟ್ಟಗೆ ನಿಲ್ಲುತ್ತಾನೆ. ಹಾಲಿಗೆ ನೀರು ಬೆರೆಸುವವರ ಪೈಕಿ ಅಲ್ಲ ಅವನು. ಆದರೂ ಅಜ್ಜಯ್ಯ ಮೊದಲು ಕ್ಯಾನಿನೊಳಗೆ ಇಣುಕಿ, ಆಮೇಲೆ ಮಾರಣ್ಣನ ಮುಖದೊಳಗೆ ಇಣುಕಿದರೆ, ಎಲ್ಲೋ ಬೆರೆಸಿಬಿಟ್ಟೆನೇನೋ ಎಂದು ಮಾರಣ್ಣನಿಗೇ ಅನುಮಾನ ಹುಟ್ಟುತ್ತದೆ. ಅಂಥ ಕಣ್ಣು ಅದು.

ಆ ಕಣ್ಣು ಹುಟ್ಟಿನಿಂದ ಬಂದದ್ದಲ್ಲ, ಬಸ್ಸಿನಿಂದ ಬಂದದ್ದು. ಅಜ್ಜಯ್ಯ ಕಂಡಕ್ಟರಾಗಿದ್ದವನು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ಆ ಸುತ್ತಿನ ಧೂಳನ್ನೆಲ್ಲ ಕುಡಿದು ನಿವೃತ್ತನಾದವನು. ನಿಜವಾಗಿ ನಿದ್ದೆ ಹೋದವನ ಬಾಯಿ ತೆರೆದಿರುತ್ತದೆ, ಟಿಕೆಟ್ ತಪ್ಪಿಸಲು ನಿದ್ದೆ ಮಾಡುವವನ ಬಾಯಿ ಮುಚ್ಚಿ ರೆಪ್ಪೆ ಅದುರುತ್ತಿರುತ್ತದೆ ಎಂಬುದು ಅವನು ಕಂಡುಕೊಂಡ ಶಾಸ್ತ್ರ. ಒಮ್ಮೆ ಒಬ್ಬಾಕೆ ಸೆರಗಿನೊಳಗೆ ಕೋಳಿ ಮುಚ್ಚಿಕೊಂಡು, ಮಗುವಿಗೆ ಹಾಲೂಡಿಸುವವಳ ಹಾಗೆ ಕೂತಿದ್ದಳು. ಅಜ್ಜಯ್ಯ ಅವಳ ಪಕ್ಕ ನಿಂತು, "ಯವ್ವಾ, ಕೂಸು ಚಲೋ ಐತಿ, ಆದ್ರ ಕಾಲಾಗ ಉಗುರು ಬೆಳೆದಾವು, ಕತ್ತರಿಸು" ಎಂದಿದ್ದ. ಬಸ್ಸೆಲ್ಲ ನಕ್ಕಿತ್ತು. ಅವಳೂ ನಕ್ಕಳು, ಲಗೇಜಿನ ಟಿಕೆಟ್ಟೂ ತೆಗೆದುಕೊಂಡಳು.

ಆ ಬಸ್ಸನ್ನು ಓಡಿಸುತ್ತಿದ್ದವನು ಜಂಬಯ್ಯ. ಮಾಗಳದವನು, ತುಂಗಭದ್ರೆಯ ದಂಡೆಯ ವೀಳ್ಯದೆಲೆ ತೋಟದಲ್ಲಿ ಬೆಳೆದವನು. ಇಬ್ಬರೂ ಒಂದೇ ಗಾಡಿಯಲ್ಲಿ ತಲೆ ಬೆಳ್ಳಗೆ ಮಾಡಿಕೊಂಡರು. ಅಜ್ಜಯ್ಯ ಹಿಂದೆ ನಿಂತು ಬಸ್ಸಿನ ತಗಡಿಗೆ ಎರಡು ಸಲ ಬಡಿದು "ರೈಟ್" ಅಂದರೆ ಜಂಬಯ್ಯ ಕನ್ನಡಿ ನೋಡದೆ ಗಾಡಿ ಎತ್ತುತ್ತಿದ್ದ. "ಹಿಂದಿಂದು ನೋಡಾಕ ಒಬ್ಬ ಅದಾನಲ್ಲ, ನಾ ಯಾಕ ಕುತ್ತಿಗಿ ತಿರುವಲಿ" ಅನ್ನುತ್ತಿದ್ದ. ಹಲವಾಗಲು ಹಳ್ಳಿಯಲ್ಲಿ ರಾತ್ರಿ ಗಾಡಿ ನಿಲ್ಲಿಸಿದರೆ ಇಬ್ಬರದೂ ಒಂದೇ ಬಾಟಲಿ ನೀರು, ಒಂದೇ ಎಲೆ ಅಡಿಕೆ ಚೀಲ.

ನಿವೃತ್ತಿಯಾದ ಮೇಲೆ ಅಜ್ಜಯ್ಯನ ಅನುಮಾನಕ್ಕೆ ಬಸ್ಸು ಇಲ್ಲದಂತಾಯಿತು. ಅದು ಅವನ ಜತೆ ಮನೆಗೆ ಬಂತು. ತರಕಾರಿ ತೂಕ ಮಾಡುವವಳ ಹೆಬ್ಬೆರಳು ನೋಡುತ್ತಾನೆ. ಮೀಟರ್ ನೋಡಲು ಬಂದವನ ಬೆನ್ನ ಹಿಂದೆ ನಿಂತು ತಾನೂ ಮೀಟರ್ ನೋಡುತ್ತಾನೆ. ಹೆಂಡತಿ ನಾಗಲಿಂಗಮ್ಮ ಬಸ್ಸಿನಲ್ಲಿ ತವರಿಗೆ ಹೋಗಿ ಬಂದರೆ, "ಸೊನ್ನಿ ಟಿಕೀಟು ತೋರಿಸು" ಅನ್ನುತ್ತಾನೆ. ಈಗ ಹೆಣ್ಣುಮಕ್ಕಳಿಗೆ ಪುಕ್ಕಟೆ, ಆದರೂ ಹರಿದು ಕೊಟ್ಟ ಚೀಟಿ ಕೈಯಲ್ಲಿ ಇರಬೇಕಲ್ಲ! "ಆ ಬಸ್ಸಿನ ಕಂಡಕ್ಟ್ರಗ ಇಲ್ಲದ ಸಂಕಟ ನಿಮಗ್ಯಾಕ್ರಿ?" ಎಂದು ಅವಳು ಚೀಟಿಯನ್ನು ಅವನ ಅಂಗೈಯಲ್ಲಿ ಇಟ್ಟು ಒಳಗೆ ಹೋಗುತ್ತಾಳೆ.

ಕೂಡಿಟ್ಟದ್ದರಲ್ಲಿ ಒಂದು ಮನೆ ಕಟ್ಟಿಸಿದ. ಹಳೆಯ ಮನೆಗೆ ಮುಂದೆ ಕಟ್ಟೆ ಇತ್ತು, ಕಟ್ಟೆಯ ಮುಂದೆ ಬಯಲಿತ್ತು. ಹೊಸ ಮನೆಗೆ ಬಯಲಿಲ್ಲ. ಗೇಟು ತೆಗೆದರೆ ಮೆಟ್ಟಿಲು, ಮೆಟ್ಟಿಲು ಹತ್ತಿದರೆ ಮುಖ ಕಾಣುವಂಥ ಟೈಲ್ಸಿನ ಪಡಸಾಲೆ. ಕಳ್ಳ, ಸೊಳ್ಳೆ ಎರಡೂ ಬರಬಾರದೆಂದು ಅಜ್ಜಯ್ಯ ಕಿಟಕಿಗಳಿಗೆಲ್ಲ ಜಾಲರಿ ಬಡಿಸಿದ.

ಗೃಹಪ್ರವೇಶಕ್ಕೆ ಎಲ್ಲರೂ ಗೋಡೆ ಗಡಿಯಾರ ತಂದರು. ಜಂಬಯ್ಯ ಮಾತ್ರ ಒಂದು ದೊಡ್ಡ ಕುಂಡವನ್ನು ಆಟೋದಲ್ಲಿ ಮಡಿಲಲ್ಲಿಟ್ಟುಕೊಂಡು ಬಂದ. ಒಳಗೆ ಮಾಗಳದ ತೋಟದ ಎಲೆಬಳ್ಳಿ. ಪಡಸಾಲೆಯ ಕಿಟಕಿಯ ಪಕ್ಕ, ಬಂದವರು ಕೂರುವ ಕುರ್ಚಿಯ ಮಗ್ಗುಲಿಗೆ ಅದನ್ನು ಇಟ್ಟು, ಬಳ್ಳಿಯ ತುದಿಯನ್ನು ಕಿಟಕಿಯ ಸರಳಿಗೆ ದಾರದಿಂದ ಕಟ್ಟಿದ.

"ಲೇ ಕಂಡಕ್ಟ್ರಾ, ಕಿವಿಗೊಟ್ಟು ಕೇಳು. ಇದರ ಬುಡ ತಂಪಿರಬೇಕು, ರಾಡಿ ಆಗಬಾರದು. ನೀರು ನಿಂತ್ರ ಬೇರು ಕೊಳೀತೈತಿ. ಸುಡು ಬಿಸಿಲೂ ಬ್ಯಾಡ. ಹೆಂಗಸರ ಹಂಗ ನೋಡ್ಕಬೇಕು."

"ಅಂದ್ರ ದಿನಾ ಬೈಸ್ಕಬೇಕೇನು?" ಎಂದ ಅಜ್ಜಯ್ಯ. ಒಳಗಿನಿಂದ ನಾಗಲಿಂಗಮ್ಮ ಕೆಮ್ಮಿದಳು.

ಬಳ್ಳಿ ಚೆನ್ನಾಗಿ ಹತ್ತಿತು. ದಿನಾ ಬೆಳಿಗ್ಗೆ ಜಂಬಯ್ಯ ಬರುವುದು, ಕುಂಡದ ಪಕ್ಕದ ಕುರ್ಚಿಯಲ್ಲಿ ಕೂರುವುದು, ನಾಗಲಿಂಗಮ್ಮ ಒಂದು ಚೊಂಬು ನೀರು ತಂದುಕೊಡುವುದು, ಆಮೇಲೆ ಚಹಾ, ಆಮೇಲೆ ಬಳ್ಳಿಯಿಂದ ಎರಡು ಎಲೆ ಹರಿದು ಸುಣ್ಣ ಹಚ್ಚಿ, ಬಾಯಿಗೆ ಇಟ್ಟುಕೊಂಡು ಊರನ್ನೆಲ್ಲ ಜಾಲಾಡುವುದು. ಹಾಗೆ ಎರಡು ಮಳೆಗಾಲ ಕಳೆದವು.

ಮೂರನೆಯ ಮಳೆಗಾಲ ಮುಗಿಯುವ ಹೊತ್ತಿಗೆ ನುಸಿ ಬಂದವು.

ಮೊದಲು ಒಂದು ಬಂದು ಅಜ್ಜಯ್ಯನ ಚಹಾದಲ್ಲಿ ಬಿತ್ತು. ಎಳ್ಳಿನಷ್ಟು ಕರಿ ಹುಳ, ರೆಕ್ಕೆ ಇದ್ದೂ ಇಲ್ಲದಂತೆ. ಮರುದಿನ ಎರಡು ಬಂದು ಮೊಬೈಲಿನ ಬೆಳಕಿನ ಮೇಲೆ ಅಡ್ಡಾಡಿದವು. ವಾರ ಕಳೆಯುವುದರೊಳಗೆ ಮೂಗು, ಕಿವಿ, ಊಟದ ತಾಟು ಎಂದಿಲ್ಲ. ಹೊಡೆಯಲು ಕೈಯೆತ್ತಿದರೆ ಗಾಳಿಗೇ ಸರಿದು ಹೋಗಿ ಮತ್ತೆ ಅದೇ ಜಾಗಕ್ಕೆ ಬರುತ್ತಿದ್ದವು. ಜಾಲರಿ ಬಡಿಸಿದ ಮನೆಗೆ ಇವು ಟಿಕೆಟ್ಟಿಲ್ಲದೆ ಹತ್ತಿದ್ದು ಎಲ್ಲಿಂದ? ಅಜ್ಜಯ್ಯನ ಕಣ್ಣು ಚುರುಕಾಯಿತು.

ಮೊದಲ ಅನುಮಾನ ಗೋಡೆಯಾಚೆಯ ದ್ಯಾಮಕ್ಕನ ಎಮ್ಮೆಯ ಮೇಲೆ ಬಿತ್ತು. ಕಾಂಪೌಂಡಿನ ಮೇಲೆ ತಲೆಯಿಟ್ಟು ಕೇಳಿದ: "ದ್ಯಾಮಕ್ಕಾ, ನಿನ್ನ ಎಮ್ಮಿ ನೊಣ ನಮ್ಮ ಮನಿಗೆ ಬರಾಕ ಹತ್ಯಾವಲ್ಲ?"

"ನನ್ನ ಎಮ್ಮಿ ನೊಣ ಹೆಂಗಿರ್ತಾವ ನೋಡಿಯೇನಣ್ಣಾ? ಕಡ್ಲಿ ಕಾಳಿನಂಗ ಇರ್ತಾವ. ನಿನ್ನ ಮೂಗಿನ ಮ್ಯಾಲ ಕುಂತೈತಲ್ಲ, ಅಂಥ ಬಡಕಲು ನೊಣ ಸಾಕೋ ಎಮ್ಮಿ ಅಲ್ಲ ನಂದು!"

ಆಮೇಲೆ ಬಾಳೆಹಣ್ಣಿನ ಮೇಲೆ ಅನುಮಾನ. ಹಣ್ಣು ತರುವುದು ನಿಂತಿತು, ನುಸಿ ನಿಲ್ಲಲಿಲ್ಲ. ಬಚ್ಚಲಿನ ಮೋರಿಯ ಮೇಲೆ ಅನುಮಾನ. ಫಿನಾಯಿಲ್ ಸುರಿದಾಯಿತು. ನಾಗಲಿಂಗಮ್ಮ ಬೇವಿನ ಸೊಪ್ಪು, ಲೋಬಾನ ಹಾಕಿ ಹೊಗೆ ಎಬ್ಬಿಸಿದಳು. ನುಸಿ ಅಲ್ಲೇ ಇದ್ದವು, ಅಜ್ಜಯ್ಯ ಕೆಮ್ಮುತ್ತ ಬೀದಿಗೆ ಬಂದ.

ಒಂದು ಮಧ್ಯಾಹ್ನ ಎಲೆ ಹರಿಯಲು ಹೋಗಿ ಮೊಣಕೈ ಕುಂಡಕ್ಕೆ ತಾಗಿತು. ಮಣ್ಣಿನಿಂದ ಒಂದು ಹಿಡಿ ನುಸಿ ಬುಸ್ಸೆಂದು ಎದ್ದವು. ಅಜ್ಜಯ್ಯ ಬಗ್ಗಿ ನೋಡಿದ. ಬಳ್ಳಿಯ ಕೆಳಗಿನ ಎಲೆಗಳು ಹಳದಿ ತಿರುಗಿದ್ದವು. ಕಡ್ಡಿಯಿಂದ ಮಣ್ಣು ಕೆದಕಿದರೆ ಒಳಗೆ ದಾರದ ಎಳೆಯಂಥ ಬಿಳಿ ಹುಳ, ಕರಿ ತಲೆ, ಮಿಸುಕಾಡುತ್ತಿದ್ದವು.

ಸಂತೆ ಬೀದಿಯ ಗೊಬ್ಬರದ ಅಂಗಡಿಯ ಚನ್ನಬಸವನಿಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಆ ಮಣ್ಣು ಒಯ್ದು ತೋರಿಸಿದ. ಚನ್ನಬಸವ ಮುಚ್ಚಳ ತೆಗೆದು, ಮತ್ತೆ ಮುಚ್ಚಿದ.

"ಹಸಿ ಮಣ್ಣಿನ ನುಸಿ ಇವು. ತತ್ತಿ ಇಡಾಕ ಅವಕ್ಕ ರಾಡಿ ಬೇಕು. ಮ್ಯಾಲಿನ ಮಣ್ಣು ಒಣಗಿಸ್ರಿ, ಒಂದು ಬೆರಳು ದಪ್ಪ ಹೊಳಿ ಉಸುಕು ಹರವ್ರಿ. ಹಾರಾಡೋವು ಇದಕ್ಕ ಅಂಟ್ಕಂತಾವ" ಎಂದು ಮೆಣಸಿನಕಾಯಿ ಹೊಲದವರು ಕಟ್ಟುವ ಹಳದಿ ಅಂಟುಹಾಳೆ ಕೊಟ್ಟ. "ನೀರು ಕಮ್ಮಿ ಹಾಕ್ರಿ, ಸಾಕು."

"ಕಮ್ಮಿನಾ? ನಾ ಹಾಕೋದ ಕಮ್ಮಿ!"

"ನೀವು ಹಾಕದಿದ್ರ ಮತ್ಯಾರೋ ಹಾಕ್ತಾರ" ಎಂದು ಚನ್ನಬಸವ ಬೇರೆ ಗಿರಾಕಿಯ ಕಡೆ ತಿರುಗಿದ. ಅವನು ಸುಮ್ಮನೆ ಅಂದದ್ದು. ಅಜ್ಜಯ್ಯ ಸುಮ್ಮನೆ ಕೇಳಿಸಿಕೊಳ್ಳಲಿಲ್ಲ.

ಮನೆಗೆ ಬಂದವನೇ ಹೆಂಡತಿಯನ್ನು ಕೇಳಿದ: "ಬಳ್ಳಿಗೆ ನೀ ಏನರ ನೀರು ಹಾಕ್ತಿ?"

"ನಿಮಗ ನೀರು ಕಾಸಿ ಕಾಸಿ ಸಾಕಾಗೈತಿ, ಇನ್ನ ನಿಮ್ಮ ಬಳ್ಳಿಗೂ ಜಳಕ ಮಾಡಿಸ್ಲೇನು?"

ಅಲ್ಲಿಗೆ ಅನುಮಾನದ ಪಟ್ಟಿಯಿಂದ ಅವಳ ಹೆಸರು ಬಿಟ್ಟುಹೋಯಿತು. ಉಳಿದವರು ಯಾರು? ಅಜ್ಜಯ್ಯ ಉಸುಕು ತರಲಿಲ್ಲ, ಮಣ್ಣು ಒಣಗಿಸಲಿಲ್ಲ. ಕಳ್ಳನನ್ನು ಹಿಡಿಯುವವರೆಗೆ ಬಸ್ಸಿನ ಬಾಗಿಲು ತೆಗೆಯುವುದುಂಟೇ? ಹಳದಿ ಹಾಳೆಯನ್ನಷ್ಟೇ ಕುಂಡದಲ್ಲಿ ಕಡ್ಡಿಗೆ ಸಿಕ್ಕಿಸಿ ಕಾದ. ಬೆಳಿಗ್ಗೆ ಎದ್ದು ಮಣ್ಣಿಗೆ ಬೆರಳಿಟ್ಟು ನೋಡಿದ, ತೇವ ಇತ್ತು, ಬೆರಳು ಇಳಿಯಲಿಲ್ಲ. ಜಂಬಯ್ಯ ಬಂದು, ಮಾತಾಡಿ, ಎದ್ದು ಹೋದ ಮೇಲೆ ಬೆರಳಿಟ್ಟ. ಬೆರಳು ಉಗುರು ಮುಳುಗುವಷ್ಟು ಇಳಿಯಿತು.

ಅಜ್ಜಯ್ಯ ಆ ಕೆಸರು ಬೆರಳನ್ನು ಬಹಳ ಹೊತ್ತು ನೋಡಿದ.

ಆಮೇಲೆ ಒಂದೊಂದೇ ನೆನಪಾಗತೊಡಗಿತು. ಜಂಬಯ್ಯ ಮೊದಲು ಚಹಾ ಬಿಟ್ಟ. "ಗ್ಯಾಸ್ ಆಗತೈತಿ" ಅಂದಿದ್ದ. ಮೂವತ್ತು ವರ್ಷ ಡಬ್ಬಿ ಅಂಗಡಿಯ ಕಷಾಯದಂಥ ಚಹಾ ಕುಡಿದವನಿಗೆ ಈಗ ಗ್ಯಾಸ್! ಇತ್ತೀಚೆಗೆ ಮುಖ ಕೊಟ್ಟು ಮಾತಾಡುತ್ತಿಲ್ಲ, ಮಾತಾಡುವಾಗ ಕಿಟಕಿ ನೋಡುತ್ತಾನೆ. ಕಿಟಕಿ ನೋಡುವ ಪ್ರಯಾಣಿಕನನ್ನು ಅಜ್ಜಯ್ಯ ಬಲ್ಲ. ಮುಖ ಊದಿಕೊಂಡಂತೆ, ರಾತ್ರಿ ನಿದ್ದೆಯಿಲ್ಲದವನಂತೆ. ನಿದ್ದೆಗೆಡುವ ಕೆಲಸ ಮಾಡುವವನಿಗೆ ನಿದ್ದೆ ಎಲ್ಲಿಂದ ಬರಬೇಕು? ಮತ್ತೆ ಎಲೆಬಳ್ಳಿಗೆ ನೀರು ಹೆಚ್ಚಾದರೆ ಬೇರು ಕೊಳೆಯುತ್ತದೆ ಎಂಬುದು ಈ ಊರಲ್ಲಿ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂದರೆ ಗೊತ್ತಿದ್ದೇ ಸುರಿಯುತ್ತಿದ್ದಾನೆ.

ಆದರೂ ಕೈಗೆ ಸಿಗದೆ ಮಾತಾಡಬಾರದು, ಅದು ಕಂಡಕ್ಟರನ ಧರ್ಮ. ಮರುದಿನ ಜಂಬಯ್ಯ ಬಂದು ಕೂತ. ನಾಗಲಿಂಗಮ್ಮ ಚೊಂಬು ಕೊಟ್ಟು ಒಳಗೆ ಹೋದಳು. ಅಜ್ಜಯ್ಯ, "ಸುಣ್ಣದ ಡಬ್ಬಿ ಒಳಗೈತಿ, ತರ್ತೀನಿ ತಡಿ" ಎಂದು ಎದ್ದು ಹೋಗಿ ಕೋಣೆಯ ಪರದೆಯ ಸಂದಿಯಲ್ಲಿ ಕಣ್ಣಿಟ್ಟ.

ಜಂಬಯ್ಯ ಸುತ್ತ ನೋಡಿದ. ಚೊಂಬನ್ನು ಎತ್ತಿ, ತುಟಿಗೆ ತಾಗಿಸದೆ, ಸದ್ದಾಗದಂತೆ ಕುಂಡದ ಅಂಚಿಗೆ ಒರಗಿಸಿ ಪೂರ್ತಿ ಬಗ್ಗಿಸಿದ. ಹೆಗಲ ಟವೆಲಿನಿಂದ ಬಾಯಿ ಒರೆಸಿಕೊಂಡ. "ಹಾ..." ಎಂದು ದಣಿವಾರಿದವನ ಹಾಗೆ ಉಸಿರು ಬಿಟ್ಟ.

ಆ "ಹಾ" ಕೇಳಿಯೇ ಅಜ್ಜಯ್ಯನಿಗೆ ಸಿಟ್ಟು ನೆತ್ತಿಗೆ ಏರಿದ್ದು. ಪರದೆ ಸರಿಸಿ ಬಂದ.

"ಏನ್ ಸುರಿದಿ?"

ಜಂಬಯ್ಯನ ಕೈಯಲ್ಲಿ ಖಾಲಿ ಚೊಂಬು ಹಾಗೇ ನಿಂತಿತು. "ನೀರು."

"ನೀರು ಅಂತ ನನಗೂ ಗೊತ್ತೈತಿ. ಕದ್ದು ಯಾಕ ಸುರಿದಿ? ಕುಡಿದಂಗ ಯಾಕ ಬಾಯಿ ಒರೆಸ್ಕಂಡಿ?"

ಜಂಬಯ್ಯ ಕಿಟಕಿ ನೋಡಿದ.

"ಕಿಡಿಕಿ ಯಾಕ ನೋಡ್ತಿ, ನನ್ನ ನೋಡು! ನೀನ ಹೇಳಿದ್ದಿ, ನೀರು ನಿಂತ್ರ ಬೇರು ಕೊಳೀತೈತಿ ಅಂತ. ಬಳ್ಳಿ ಕೊಟ್ಟ ನೀನ ಅದನ್ನ ಕೊಲ್ಲಾಕ ನಿಂತೀಯಲ್ಲಲೇ. ನಂದು ಟೈಲ್ಸಿನ ಮನಿ ಆತು, ನಿಂದು ತಗಡಿನ ಮನಿ ಉಳೀತು, ಅದಕ್ಕ ಹೊಟ್ಟಿ ಉರೀತೈತೇನು?"

ಈ ಮಾತು ಬಾಯಿಂದ ಬಿದ್ದಾಗ ಜಂಬಯ್ಯ ಮೊದಲ ಸಲ ನೇರ ನೋಡಿದ. ಚೊಂಬನ್ನು ಮೆಲ್ಲಗೆ ಕೆಳಗಿಟ್ಟ.

"ಆತು ಬಿಡಪ್ಪ. ನನ್ನ ಸ್ಟಾಪು ಬಂತು" ಎಂದು ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಟ. ಗೇಟಿನ ತನಕ ಹೋಗಲು ಬಹಳ ಹೊತ್ತು ಹಿಡಿಯಿತು. ತಪ್ಪು ಮಾಡಿದವನ ನಡಿಗೆ, ಎಂದುಕೊಂಡ ಅಜ್ಜಯ್ಯ.

ಮರುದಿನ ಜಂಬಯ್ಯ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ನಾಗಲಿಂಗಮ್ಮ ಚೊಂಬು ತುಂಬಿ ಹಿಡಿದುಕೊಂಡು ಬಂದು, ಖಾಲಿ ಕುರ್ಚಿ ನೋಡಿ, "ಜಂಬಣ್ಣ ಯಾಕ ಬಂದಿಲ್ಲ?" ಅಂದಳು. ಅಜ್ಜಯ್ಯ ನಡೆದದ್ದನ್ನೆಲ್ಲ ಹೇಳಿದ. ಅವಳು ಚೊಂಬನ್ನು ಟೈಲ್ಸಿನ ಮೇಲೆ ಕುಕ್ಕಿದಳು.

"ಜಂಬಣ್ಣಗ ಹೊಟ್ಟಿಕಿಚ್ಚಾ? ನಿಮಗೆಲ್ಲೋ ತಲಿ ಕೆಟ್ಟೈತಿ."

"ಕೆಟ್ಟೈತೋ ಇಲ್ಲೋ ಬಳ್ಳಿ ಹೇಳತೈತಿ ತಡಿ."

ಬಳ್ಳಿ ಹೇಳಿತು. ಮಣ್ಣು ಒಣಗಿತು. ಹಳೆಯ ಹಳದಿ ಹಾಳೆಯ ಮೇಲೆ ಎಳ್ಳು ಚೆಲ್ಲಿದಂತೆ ನುಸಿ ಅಂಟಿದ್ದವು. ಅಜ್ಜಯ್ಯ ಹೊಸ ಹಾಳೆ ಸಿಕ್ಕಿಸಿದ. ತಿಂಗಳು ಕಳೆಯುವ ಹೊತ್ತಿಗೆ ಹೊಸ ಹಾಳೆ ಹಳದಿಯಾಗಿಯೇ ಉಳಿಯಿತು. ಅದನ್ನು ಒಯ್ದು ಹೆಂಡತಿಯ ಮುಖದ ಮುಂದೆ ಹಿಡಿದ. "ಇದಕ್ಕೇನಂತಿ? ಅವ ಬರೋದು ಬಿಟ್ಟ, ನುಸಿ ಬರೋದು ಬಿಟ್ವು."

ನಾಗಲಿಂಗಮ್ಮ ರೊಟ್ಟಿಯನ್ನು ಎಂದಿಗಿಂತ ಜೋರಾಗಿ ಬಡಿದಳು.

ಗೆದ್ದವನು ಅಜ್ಜಯ್ಯ. ಆದರೆ ಗೆದ್ದವನಿಗೆ ಬೆಳಗು ಬಹಳ ಉದ್ದವಾಯಿತು. ಎಲೆ ಹರಿದು ಸುಣ್ಣ ಹಚ್ಚುತ್ತಾನೆ, ಎರಡನೆಯದು ಕೈಯಲ್ಲೇ ಉಳಿಯುತ್ತದೆ. ಪೇಪರಿನಲ್ಲಿ ಬಸ್ಸಿನ ಸುದ್ದಿ ಬಂದರೆ ತಲೆಯೆತ್ತಿ ಕುರ್ಚಿಯ ಕಡೆ ನೋಡುತ್ತಾನೆ. ಒಮ್ಮೆ ಸಂತೆಯಲ್ಲಿ ದೂರದಿಂದ ಜಂಬಯ್ಯ ಕಂಡ. ಕೈಚೀಲ ಹಿಡಿದು, ನಾಲ್ಕು ಹೆಜ್ಜೆಗೊಮ್ಮೆ ನಿಂತು ನಿಂತು ಹೋಗುತ್ತಿದ್ದ. ಹಿಂದೆ ತಿರುಗಿ ನೋಡಲಿಲ್ಲ. ಅವನು ಎಂದೂ ಹಿಂದೆ ನೋಡಿದವನೇ ಅಲ್ಲ, ಅದು ಅಜ್ಜಯ್ಯನಿಗೆ ಗೊತ್ತಿತ್ತು. ಆದರೂ ಬೇಕೆಂದೇ ನೋಡಲಿಲ್ಲ ಎಂದು ಬರೆದುಕೊಂಡಿತು ಮನಸ್ಸು.

ಅಷ್ಟರಲ್ಲಿ ಹರಪನಹಳ್ಳಿಯಿಂದ ಗಾದೆಮ್ಮ ಬಂದಳು. ಅಜ್ಜಯ್ಯನ ಸೋದರತ್ತೆ, ಅವನನ್ನು ಎತ್ತಿ ಆಡಿಸಿದವಳು. ಕಣ್ಣಿನ ಪೊರೆ ತೆಗೆಸಿಕೊಂಡು, ಒಂದು ಕಣ್ಣಿಗೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡು, ವಾಸಿಯಾಗುವವರೆಗೆ ಇಲ್ಲೇ ಇರುತ್ತೇನೆಂದು ಜಂಬಯ್ಯನ ಕುರ್ಚಿಯಲ್ಲಿ ಕೂತಳು. ಅತ್ತೆಯ ಕಣ್ಣು ಮಾತಾಡಿಸಲು ನೆಂಟರು ಬರತೊಡಗಿದರು. ಇವತ್ತು ಹಡಗಲಿಯವರು, ನಾಳೆ ಕೂಡ್ಲಿಗಿಯವರು. ಬಂದವರಿಗೆಲ್ಲ ನಾಗಲಿಂಗಮ್ಮ ಮೊದಲು ನೀರು ಕೊಟ್ಟಳು. ಆ ನಾಡಿನಲ್ಲಿ ನೀರು ಕೊಡದೆ "ಯಾಕ ಬಂದಿ" ಎಂದು ಕೇಳುವ ಮನೆ ಇಲ್ಲ, ಕೊಟ್ಟ ನೀರು ಒಂದು ಗುಟುಕಾದರೂ ಮುಟ್ಟದೆ ಮಾತು ತೆಗೆಯುವ ನೆಂಟನೂ ಇಲ್ಲ.

ಅತ್ತೆ ಬಂದು ಮೂರು ವಾರಕ್ಕೆ ಸರಿಯಾಗಿ ಅಜ್ಜಯ್ಯನ ಚಹಾದಲ್ಲಿ ಒಂದು ಎಳ್ಳುಕಾಳು ತೇಲಿತು.

ಅಜ್ಜಯ್ಯ ಲೋಟ ಕೆಳಗಿಟ್ಟ. ಜಂಬಯ್ಯ ಗೇಟು ದಾಟಿಲ್ಲ, ಕುಂಡ ಮುಟ್ಟಿಲ್ಲ. ಎದ್ದು ಹೋಗಿ ಮಣ್ಣಿಗೆ ಬೆರಳಿಟ್ಟ. ಉಗುರು ಮುಳುಗಿತು. ಅವನು ಅಲ್ಲೇ ನಿಂತಿರುವಾಗಲೇ, ನೋಡಿ, ಮಾತಾಡುತ್ತಿದ್ದ ಗಾದೆಮ್ಮ ಒಂದು ಗುಟುಕು ಕುಡಿದು, ಉಳಿದ ಮುಕ್ಕಾಲು ಚೊಂಬು ನೀರನ್ನು ಅವನ ಬೆರಳಿನ ಮೇಲೇ ಸುರಿದಳು.

"ಅತ್ತೀ! ಅಲ್ಲ್ಯಾಕ ಸುರೀತಿ?"

"ಮತ್ತೆಲ್ಲಿ ಸುರೀಬೇಕೋ? ಹಳೇ ಮನೆ ಆಗಿದ್ರೆ ಕಟ್ಟೆಯಿಂದ ಬಯಲಿಗೆ ಎರಚ್ತಿದ್ದೆ. ನಿನ್ನ ಮನೆಗೆ ಅಂಗಳ ಇಲ್ಲ, ಕಿಟಕಿಗೆ ಜಾಲರಿ. ಕನ್ನಡಿಯಂಥ ನೆಲದ ಮೇಲೆ ಚೆಲ್ಲಿದ್ರೆ ನಿನ್ನ ಹೆಂಡ್ತಿ ಜಾರಿ ಬಿದ್ದಾಳು. ಎಂಜಲು ಮಾಡಿದ ನೀರನ್ನ ವಾಪಸ್ಸು ಅವಳ ಕೈಗೆ ಕೊಡಾಕಾಗುತ್ತಾ? ನಾ ಬಂದಾಗಿನಿಂದ ಬಂದೋರೆಲ್ಲ ಇಲ್ಲೇ ಸುರಿಯೋದು. ನನಗೆ ಒಂದು ಕಣ್ಣು ಮುಚ್ಚಿದ್ರೂ ಕಂಡೈತೆ, ನಿನಗೆ ಎರಡೂ ತೆಗೆದಿದ್ರೂ ಕಂಡಿಲ್ವಲ್ಲೋ!"

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ನಾಗಲಿಂಗಮ್ಮ ಬಾಗಿಲಿಗೆ ಬಂದು ನಿಂತಳು. ಹಿಟ್ಟಿನ ಕೈಯಲ್ಲೇ ಗಂಡನನ್ನು ನೋಡಿದಳು.

ಅಜ್ಜಯ್ಯ ಸೋಲೊಪ್ಪುವವನಲ್ಲ. ಎಲ್ಲರೂ ಸುರಿಯುತ್ತಾರೆ, ಸರಿ. ಉಳಿದದ್ದನ್ನು ಸುರಿಯುತ್ತಾರೆ, ಎದುರಿಗೇ ಸುರಿಯುತ್ತಾರೆ. ಜಂಬಯ್ಯ ಒಂದು ಗುಟುಕೂ ಕುಡಿಯದೆ ಸುರಿದ, ಕದ್ದು ಸುರಿದ, ಕುಡಿದಂತೆ "ಹಾ" ಅಂದ. ಅವನ ಮುಖದಲ್ಲಿ ಟಿಕೆಟ್ಟಿಲ್ಲದವನ ಕಳೆ ಇತ್ತು. ಆ ಕಳೆಯ ವಿಷಯದಲ್ಲಿ ಅಜ್ಜಯ್ಯನ ಕಣ್ಣು ಎಂದೂ ಮೋಸ ಹೋದದ್ದಿಲ್ಲ. ಏನೋ ಮುಚ್ಚಿಟ್ಟಿದ್ದಾನೆ. ಏನು?

ಕೇಳಿಯೇ ಬಿಡಬೇಕೆಂದು ಆ ಸಂಜೆ ರೈಲ್ವೆ ಗೇಟಿನಾಚೆಯ ಓಣಿಗೆ ಹೊರಟ. ತಪ್ಪೊಪ್ಪಲು ಹೊರಟದ್ದಲ್ಲ, ವಿಚಾರಣೆಗೆ ಹೊರಟದ್ದು. ದಾರಿಯುದ್ದಕ್ಕೂ ಪ್ರಶ್ನೆಗಳನ್ನು ಜೋಡಿಸಿಕೊಂಡ.

ತಗಡಿನ ಮನೆಯ ಬಾಗಿಲಲ್ಲಿ ಜಂಬಯ್ಯನ ಹೆಂಡತಿ ಬೊಮ್ಮಮ್ಮ ಕಂಡಳು. "ಬರ್ರಿ ಅಣ್ಣಾರ, ದಾರಿ ಮರ್ತಿದ್ರೇನೋ ಅಂದ್ಕಂಡಿದ್ದೆ" ಎಂದು ಒಳಗೆ ಕರೆದು, ಚೊಂಬಿನಲ್ಲಿ ನೀರು ತಂದು ಕೈಗೆ ಕೊಟ್ಟಳು. ಜಂಬಯ್ಯ ಮಂಚದ ಮೇಲೆ ಗೋಡೆಗೆ ಒರಗಿದ್ದ. ಎದ್ದು ಕೂರಲು ಹೋಗಿ ಬಿಟ್ಟ. ಕಾಲು ಊದಿದ್ದವು, ಪಾದ ಚಪ್ಪಲಿಯಲ್ಲಿ ಹಿಡಿಯುವಂತಿರಲಿಲ್ಲ. ತಲೆದಿಂಬಿನ ಹತ್ತಿರ ಬಸ್ಸಿನ ಕಾಲದ ಅದೇ ಹಳೆಯ ಬಾಟಲಿ. ಅದರ ನಡುವಿಗೆ ಒಂದು ಕೆಂಪು ದಾರ ಕಟ್ಟಿತ್ತು.

ಅಜ್ಜಯ್ಯನ ಕಣ್ಣು ದಾರದ ಮೇಲೆ ನಿಂತಿತು. "ಅದೇನದು ದಾರ?"

ಜಂಬಯ್ಯ "ಏನಿಲ್ಲ" ಅಂದ. ಬೊಮ್ಮಮ್ಮ ಬಿಡಲಿಲ್ಲ.

"ಏನಿಲ್ಲ ಅಂತ ಹೇಳ್ಕಂತಾನ ಈ ಗತಿಗೆ ಬಂದ್ರು. ಕಿಡ್ನಿ ಸರಿ ಇಲ್ಲಂತ್ರಿ ಅಣ್ಣಾರ. ದಾವಣಗೆರಿ ಡಾಕ್ಟ್ರು ಹೇಳ್ಯಾರ, ದಿನಕ್ಕ ಆ ದಾರದ ಮಟ ಅಷ್ಟ ಕುಡೀಬೇಕು. ಚಾ, ಮಜ್ಜಿಗಿ, ಸಾರು, ಎಲ್ಲಾ ಸೇರಿ ಅಷ್ಟ. ಹೆಚ್ಚಾದ್ರ ಹಿಂಗ ಮೈಗೆ ನೀರು ತುಂಬತೈತಿ. ಯಾಕ್ರಿ, ನಿಮಗ ಹೇಳಿಲ್ಲೇನು?"

ಜೋಡಿಸಿಕೊಂಡು ಬಂದ ಪ್ರಶ್ನೆಗಳೆಲ್ಲ ಎಲ್ಲಿ ಹೋದವೋ. ಅಜ್ಜಯ್ಯನ ಕೈಯಲ್ಲಿ ತುಂಬಿದ ಚೊಂಬು ಭಾರವಾಯಿತು.

"ಯಾಕ ಹೇಳಲಿಲ್ಲಲೇ?"

"ನಿನಗ ಹೇಳಿದ್ರ ಸುಮ್ಮ ಬಿಡ್ತಿದ್ದೇನು? ಡಾಕ್ಟ್ರು ಸುಳ್ಳು ಅಂತಿದ್ದಿ, ಚೀಟಿ ತೋರಿಸು ಅಂತಿದ್ದಿ, ಚೀಟಿ ಮ್ಯಾಲಿನ ಸೀಲು ಖರೇನೋ ಅಂತ ನೋಡ್ತಿದ್ದಿ." ಜಂಬಯ್ಯ ನಗಲು ನೋಡಿದ, ಉಸಿರು ಸಾಲಲಿಲ್ಲ. "ಎಲ್ಲಾರೂ ಬಂದು ಮಾರಿ ನೋಡಿ ಅಯ್ಯೋ ಅಂದು ಹೋಗ್ತಾರ. ನಿನ್ನ ಮನಿ ಒಂದರಾಗ ಹಂಗ ಅನ್ನೋರಿರಲಿಲ್ಲ. ಬೈದಾಡ್ತಿದ್ವಿ, ಎಲಿ ಹಾಕ್ತಿದ್ವಿ. ಅದೊಂದು ತಾಸು ನಾ ಡ್ರೈವರ್ ಆಗಿದ್ದೆ."

"ಹಂಗಾದ್ರ ನೀರು ಬ್ಯಾಡ ಅನ್ನಬೇಕಾಗಿತ್ತು."

"ತಂಗಿ ನಾಗಲಿಂಗಮ್ಮ ತಂದು ಕೈಯಾಗ ಕೊಡ್ತಾಳ. ಇಷ್ಟು ವರ್ಷ ಕುಡಿದ ಮನಿ ನೀರು ಒಂದಿನ ಬ್ಯಾಡ ಅಂದ್ರ ಆಕಿ ಏನು ತಿಳ್ಕಂತಾಳ? ನೀ ಏನು ತಿಳ್ಕಂತಿ? ಮೊದಮೊದಲು ಟವಲಿಗೆ ಹೀರಿಸ್ಕಂಡು ನಿನ್ನ ಗೇಟಿನ ಹೊರಗ ಹಿಂಡ್ತಿದ್ದೆ. ದ್ಯಾಮಕ್ಕ ನೋಡಿ ನಕ್ಕಳು. ಆಮ್ಯಾಲ ಕುಂಡ ಒಂದ ಗತಿ ಆತು." ಅವನು ಊದಿದ ಕಾಲನ್ನು ಮಂಚದ ಮೇಲೆ ಸರಿಸಿಕೊಂಡ. "ಬಳ್ಳಿ ಹಳದಿ ತಿರುಗೋದು ನನಗ ಕಾಣತಿದ್ದಿಲ್ಲೇನು? ದಿನಾ ಅದಕ್ಕ ಕೇಳ್ಕಂತಿದ್ದೆ, ಒಂದೀಟು ತಡಕೋ ಅಂತ."

ಅಜ್ಜಯ್ಯ ಚೊಂಬು ಎತ್ತಿದ. ಆ ಮನೆಯ ಬಾಗಿಲಾಚೆ ಬೇಕಾದಷ್ಟು ಬಯಲಿತ್ತು, ಒಂದು ಗುಟುಕು ಕುಡಿದು ಎರಚಬಹುದಿತ್ತು. ಅವನು ಅಷ್ಟನ್ನೂ ಗಟಗಟ ಕುಡಿದ, ತಳ ಕಾಣುವವರೆಗೆ. ಎದೆಯ ಮೇಲೆಲ್ಲ ಚೆಲ್ಲಿಕೊಂಡ. ಖಾಲಿ ಚೊಂಬನ್ನು ಬೊಮ್ಮಮ್ಮನ ಕೈಗೆ ಕೊಟ್ಟು ಎದ್ದ.

"ನಡಕೊಂಡು ಬರಬ್ಯಾಡ. ನಾಳಿ ಆಟೋ ತಗಂಡು ನಾನ ಬರ್ತೀನಿ" ಎಂದ. ಬಾಗಿಲು ದಾಟಿದವನು ಮತ್ತೆ ತಿರುಗಿ ಬಂದು, ತಗಡಿನ ಗೋಡೆಗೆ ಎರಡು ಸಲ ಬಡಿದ.

ಒಳಗಿನಿಂದ ಜಂಬಯ್ಯನ ದನಿ ಬಂತು: "ರೈಟ್ ಅನ್ನೋದು ನಿನ್ನ ಕೆಲಸಲೇ, ಅದನ್ನೂ ನಾನ ಅನ್ನಬೇಕೇನು?"

ಮರುದಿನ ಅಜ್ಜಯ್ಯ ಮಾಗಳದ ಕಡೆಯಿಂದ ಬಂದ ಗಾಡಿಯಲ್ಲಿ ಒಂದು ಚೀಲ ಹೊಳೆ ಉಸುಕು ತರಿಸಿ, ಕುಂಡದ ಮಣ್ಣು ಒಣಗಿದ ಮೇಲೆ ಅದು ಕಾಣದಂತೆ ಹರವಿದ. ಕುರ್ಚಿಯ ಪಕ್ಕ ಒಂದು ಬಕೆಟ್ಟು ಇಟ್ಟ. ಬಂದ ನೆಂಟರಿಗೆಲ್ಲ, "ಉಳಿದಿದ್ದು ಇದರಾಗ" ಎಂದು ಬೆರಳು ತೋರಿಸಿ, ಅವರು ಸುರಿಯುವವರೆಗೆ ಕೈ ನೋಡುತ್ತ ನಿಲ್ಲುತ್ತಿದ್ದ. ಅತ್ತೆ ಗಾದೆಮ್ಮ, "ಬಸ್ಸಿನಾಗೆ ಕೂತಂಗೆ ಆತೈತಪ್ಪಾ ಇವನ ಮನೇಲಿ" ಎಂದು ಹರಪನಹಳ್ಳಿಗೆ ಹೊರಟುಹೋದಳು. ನುಸಿ ಕಡಿಮೆಯಾದವು. ಬಳ್ಳಿಯ ಅರ್ಧ ಒಣಗಿಯೇ ಹೋಗಿತ್ತು, ಉಳಿದರ್ಧದ ಗೆಣ್ಣಿನಲ್ಲಿ ಉಗುರಿನಷ್ಟು ಎಳೆ ಚಿಗುರು ಬಂತು.

ಜಂಬಯ್ಯನಿಗೆ ನಾಗಲಿಂಗಮ್ಮ ಈಗ ತುಪ್ಪ ಬಡಿಸುವ ಪುಟ್ಟ ಗಿಂಡಿಯಲ್ಲಿ ನೀರು ಕೊಡುತ್ತಾಳೆ. ಒಂದೇ ಗುಟುಕು. ನೀರು ಕೊಟ್ಟಂತೆಯೂ ಆಯಿತು, ಕುಡಿದಂತೆಯೂ ಆಯಿತು. ಕುಡಿದು ಅವನು ಗಿಂಡಿಯನ್ನು ಅಜ್ಜಯ್ಯನ ಮುಂದೆ ಬೋರಲು ಹಾಕಿ ತೋರಿಸುತ್ತಾನೆ. ಅಜ್ಜಯ್ಯ ಗಿಂಡಿಯನ್ನೂ ನೋಡುತ್ತಾನೆ, ಕಾಲಿನ ಊತವನ್ನೂ ನೋಡುತ್ತಾನೆ, ಹಳೆಯ ಬಾಟಲಿಯ ದಾರ ಯಾರಾದರೂ ಮೇಲೆ ಸರಿಸಿದ್ದಾರೆಯೇ ಎಂದೂ ನೋಡುತ್ತಾನೆ. ಒಂದು ಸಲ ಸರಿಸಿದ್ದು ಸಿಕ್ಕಿತು. ಆ ದಿನ ಓಣಿಗೆಲ್ಲ ಕೇಳುವಂತೆ ಜಗಳವಾಯಿತು.

ಮೊನ್ನೆ ಹಡಗಲಿಯಲ್ಲಿ ಒಂದು ಮದುವೆ. ಇಬ್ಬರೂ ಹೋಗಿದ್ದರು. ಊಟದ ಪಂಕ್ತಿಯಲ್ಲಿ ಜಂಬಯ್ಯ ಎದುರು ಸಾಲಿನಲ್ಲಿ ದೂರ ಕೂತಿದ್ದ. ಬಡಿಸುವವರು ಮಜ್ಜಿಗೆ ತಂದರು, ಜಂಬಯ್ಯ ಆಚೆ ಈಚೆ ನೋಡಿ ಮೆಲ್ಲಗೆ ಲೋಟ ಎತ್ತಿದ.

"ಲೇ ಡ್ರೈವರ್! ಕೆಳಗಿಡು ಲೋಟ!"

ಇಡೀ ಪಂಕ್ತಿ ತಿರುಗಿ ನೋಡಿತು. ಬೀಗರು ಜಗಳವೆಂದು ಎದ್ದು ನಿಂತರು. ಜಂಬಯ್ಯ ಲೋಟ ಕೆಳಗಿಟ್ಟು, ಪಕ್ಕದವನಿಗೆ ಹೇಳಿದ: "ಏನಿಲ್ಲಪ್ಪ, ಉಣ್ಣು ನೀನು. ಚೆಕಿಂಗ್ ಬಂದೈತಿ."

ಅಜ್ಜಯ್ಯ ಆಮೇಲೂ ಅನ್ನಕ್ಕೆ ಕೈ ಹಾಕಲಿಲ್ಲ. ಆ ಲೋಟದ ಮಜ್ಜಿಗೆ ಕಡಿಮೆಯಾಗಿದೆಯೋ ಏನೋ ಎಂದು ಕತ್ತು ಉದ್ದ ಮಾಡಿ ನೋಡುತ್ತಲೇ ಇದ್ದ.